ಔಷಧಿ ಹೊಡೆಯುವ ಡ್ರೋನ್ ತೋಟದಲ್ಲಿ ಬೀಳದಿರಲು

ಹೋದ ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ಕಡೆಯ ನಮ್ಮ ತೋಟಕ್ಕೆ ಬಾಡಿಗೆ ಡ್ರೋನ್ ಬಂದಿತ್ತು. ಮೂರನೇ ಸುತ್ತಿಗೇ ವಾಲಿ, ಸೋಗೆಗೆ ಬಡಿದು, ಅಡಿಕೆ ಮರದ ತುದಿಯಲ್ಲೇ ಸಿಕ್ಕಿಕೊಂಡಿತು. ಆಮೇಲೆ ಬಿಚ್ಚಿ ನೋಡಿದರೆ ಒಂದು ಮೋಟಾರಿನ ಬೇರಿಂಗ್ ತುಕ್ಕು ಹಿಡಿದು ಬಿಗಿದಿತ್ತು. ಸುತ್ತ ತಿಳಿನೀಲಿ ಪುಡಿ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ (ತಾಮ್ರದ ಸಲ್ಫೇಟ್) ಕೆಲಸ!

ವಿಮಾನದಿಂದ ಬೆಳೆಗೆ ಔಷಧಿ ಹಾಕುವುದು 1921ರಲ್ಲೇ ಅಮೆರಿಕದ ಒಹಾಯೊದಲ್ಲಿ ಶುರುವಾಯಿತು. ಆ ವಿಮಾನಗಳು ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ಹಾರುತ್ತವೆ. ಎಂಜಿನ್ ನಿಂತರೆ ಯೋಚನೆಗೆ ಪುರುಸೊತ್ತಿಲ್ಲ. ಪೈಲಟ್ ಒಂದು ಹಿಡಿ ಎಳೆದು ಟ್ಯಾಂಕಿನ ಔಷಧಿಯನ್ನೆಲ್ಲ ಸುರಿದು ಭಾರ ಇಳಿಸುತ್ತಾನೆ, ಎದುರಿಗೆ ಸಿಕ್ಕ ಗದ್ದೆಗೆ ವಿಮಾನ ಇಳಿಸುತ್ತಾನೆ. ರೆಕ್ಕೆ ಇರುವುದರಿಂದ ಅಷ್ಟಾದರೂ ಸಾಧ್ಯ. ಡ್ರೋನಿಗೆ ಆ ರೆಕ್ಕೆಯೂ ಇಲ್ಲ. ಹಾಗಾಗಿ ಕೆಲಸವೆಲ್ಲ ಹಾರಿಸುವ ಮೊದಲೇ ಆಗಬೇಕು.

ಹಿಂದಿನ ಸಂಜೆ ಬ್ಯಾಟರಿ ತೆಗೆದಿಟ್ಟು ಒಂದೊಂದೇ ಮೋಟಾರನ್ನು ಕೈಯಲ್ಲಿ ತಿರುಗಿಸಿ. ಕರಕರ ಅಂದರೆ, ತಡೆದು ತಡೆದು ತಿರುಗಿದರೆ, ಅಲ್ಲಾಡಿದರೆ ಅದು ನಾಳೆ ಹಾರುವಂಥದ್ದಲ್ಲ. ಪಂಖದ (ಪ್ರೊಪೆಲ್ಲರ್) ಅಂಚಿಗೆ ಉಗುರು ಎಳೆದು ಸೀಳು ಹುಡುಕಿ. ಮೊದಲ ಸುತ್ತು ಮುಗಿದ ಮೇಲೆ ಮತ್ತೆ ಬ್ಯಾಟರಿ ತೆಗೆದು ಎಲ್ಲ ಮೋಟಾರು ಮುಟ್ಟಿ ನೋಡಿ. ಒಂದು ಮಾತ್ರ ಜಾಸ್ತಿ ಬಿಸಿಯಾಗಿದ್ದರೆ ಅದರ ಮೇಲೆ ಅನುಮಾನ ಇಡಿ.

ಈಗ ಮೈಲುತುತ್ತದ ವಿಷಯ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ: ಈ ಲೆಕ್ಕ ನಮಗೆ ಬಾಯಿಪಾಠ. ಹದ ನೋಡಲು ತೊಳೆದ ಕತ್ತಿ ಅದ್ದುತ್ತೇವೆ, ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಕತ್ತಿಗೆ ಆಗುವುದೇ ಡ್ರೋನಿನ ಕಬ್ಬಿಣ, ಅಲ್ಯೂಮಿನಿಯಂಗೂ ಆಗುತ್ತದೆ. ಹದ ಸರಿಯಿದ್ದರೂ ಸುಣ್ಣದ ಗಸಿ ನಾಝಲ್ ಕಟ್ಟುತ್ತದೆ. ನನ್ನ ಕೇಳಿದರೆ, ಈ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಡ್ರೋನಿಗೆ ಹೇಳಿ ಮಾಡಿಸಿದ್ದಲ್ಲ. ಕೊಳೆರೋಗಕ್ಕೆ ಕೊನೆ (ಅಡಿಕೆ ಗೊನೆ) ಪೂರ್ತಿ ಒದ್ದೆಯಾಗಬೇಕು, ಅದು ಸೋಗೆಯ ಅಡಿಯಲ್ಲಿದೆ. ಎಲೆಚುಕ್ಕೆ ರೋಗಕ್ಕೆ ಮೇಲಿಂದ ಹೊಡೆಯುವುದು ಬೇರೆ ಮಾತು. ಏನೇ ಹೊಡೆದರೂ ಕೆಲಸ ಮುಗಿದ ಕೂಡಲೇ ಟ್ಯಾಂಕು, ಪಂಪು, ನಾಝಲ್‌ನಲ್ಲಿ ಶುದ್ಧ ನೀರು ಹರಿಸಿ. ಮೋಟಾರಿಗೆ ಪೈಪು ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬ್ಯಾಟರಿ ಉಬ್ಬಿದ್ದರೆ ಅದರ ಆಯುಷ್ಯ ಮುಗಿಯಿತು. ಹಾರಿ ಬಂದು ಬಿಸಿಯಿರುವುದನ್ನು ಆರುವ ತನಕ ಚಾರ್ಜಿಗೆ ಹಾಕಬೇಡಿ. ತುಂಬಿದ ಟ್ಯಾಂಕಿನಲ್ಲಿ ಹಾರುವುದು ಹತ್ತು ನಿಮಿಷದ ಆಸುಪಾಸು ಅಷ್ಟೇ. 'ಇನ್ನೊಂದೇ ಸಾಲು ಅಲ್ವಾ' ಅನ್ನುವಾಗಲೇ ಅದು ಕೈಕೊಡುವುದು.

ನಾಲ್ಕು ಮೋಟಾರಿನದರಲ್ಲಿ ಒಂದು ನಿಂತರೆ ಸಾಮಾನ್ಯವಾಗಿ ಬಿತ್ತೆಂದೇ ಲೆಕ್ಕ. ಆರಿನದು ಭಾರ ಕಮ್ಮಿಯಿದ್ದರೆ ತೂರಾಡುತ್ತಲಾದರೂ ಇಳಿಯಬಹುದು. ಅದಕ್ಕೇ ಟ್ಯಾಂಕನ್ನು ಕಂಠಮಟ್ಟ ತುಂಬಬೇಡಿ ಅನ್ನುವುದು.

ನಮ್ಮ ತೋಟಗಳು ಕಣಿವೆಯಲ್ಲಿವೆ, ಪಕ್ಕದಲ್ಲೇ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟ. ಸಿಗ್ನಲ್ ತಪ್ಪಿದರೆ ಡ್ರೋನ್ ತಾನೇ ವಾಪಸ್ ಬರುತ್ತದೆ, ನೀವು ಮೊದಲು ಹಾಕಿಟ್ಟ ಎತ್ತರದಲ್ಲಿ. ಆ ಎತ್ತರ ದಾರಿಯ ಅತಿ ಎತ್ತರದ ಮರಕ್ಕಿಂತ ಮೇಲಿರಲಿ. ಕರೆಂಟ್ ತಂತಿ ಎಲ್ಲೆಲ್ಲಿದೆ ಎಂದು ಮೊದಲೇ ನಡೆದು ನೋಡಿ.

ಕಾಗದಪತ್ರ: 2021ರ ಡ್ರೋನ್ ನಿಯಮದಂತೆ ಇಂಥ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗಿನವರು ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ.

ಇಷ್ಟಾದರೂ ಬೀಳಬಹುದು. ಹಾಗಾಗಿ ಕಳೆ ತೆಗೆಯುವವರನ್ನು ಮೊದಲೇ ತೋಟದಿಂದ ಆಚೆ ಕಳಿಸಿ. ಬಿದ್ದ ತಕ್ಷಣ ರಿಮೋಟಿನಲ್ಲಿ ಮೋಟಾರ್ ಬಂದ್ ಮಾಡಿ. ಬ್ಯಾಟರಿಯಿಂದ ಹೊಗೆ, ಸದ್ದು ಬರುತ್ತಿದ್ದರೆ ಹತ್ತಿರ ಹೋಗಬೇಡಿ, ದೂರ ನಿಂತು ಕಾಯಿರಿ. ಪೆಟ್ಟಾದ ಬ್ಯಾಟರಿಯನ್ನು ಮನೆಯೊಳಗೆ, ಕಾರಿನೊಳಗೆ ಇಡಬಾರದು. ಚೆಲ್ಲಿದ ಔಷಧಿ ಬಸಿಗಾಲುವೆಗೆ ಇಳಿಯದಂತೆ ಮಣ್ಣು ಅಡ್ಡ ಹಾಕಿ, ಅದು ಕೊನೆಗೆ ಸೇರುವುದು ಹಳ್ಳಕ್ಕೆ.

ಮರದಲ್ಲೇ ಸಿಕ್ಕಿದ್ದರೆ ಮೋಟಾರ್ ಬಂದ್ ಆಗದೆ ಯಾರನ್ನೂ ಹತ್ತಿಸಬೇಡಿ. ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗಾರ ಅರ್ಧ ಗಂಟೆ ಕೆಳಗೇ ಕೂತು ಎಲೆಯಡಿಕೆ ಹಾಕಿ, ಆಮೇಲೆ ಹತ್ತಿದ. ಮೇಲಿಂದ ಕೂಗಿದ: "ಕೊನೆ ಇಳಿಸೋದು ಗೊತ್ತು, ಇದನ್ನ ಎಲ್ಲಿ ಹಿಡೀಬೇಕು?" ಕಾಲಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದ. ಕೊನೆ ಇಳಿಸಿದ ಕೂಲಿಯನ್ನೇ ತೆಗೆದುಕೊಂಡ.