ದೋಣಿಯ ಪ್ರೊಪೆಲ್ಲರ್‌ಗೆ ಸುತ್ತಿದ ಕಳೆ, ಬಲೆ: ಬಿಡಿಸಿದ್ದು ಹೀಗೆ

ಮಲೆನಾಡಿನಲ್ಲಿ ಮಳೆ ಹಿಡಿದು ತುಂಗಭದ್ರಾ ಜಲಾಶಯಕ್ಕೆ ಕೆಂಪು ನೀರು ನುಗ್ಗುವಾಗ ಅಂತರಗಂಗೆ, ಕಸಕಡ್ಡಿ, ಹರಿದ ಬಲೆಯ ಚೂರು ಎಲ್ಲವೂ ತೇಲಿಬರುತ್ತವೆ. ಕೊಪ್ಪಳದ ಕಡೆಯ ಹಿನ್ನೀರಿನಲ್ಲಿ ನಮ್ಮ ಮೀನುಗಾರಿಕೆ ದೋಣಿ ಇದ್ದಕ್ಕಿದ್ದಂತೆ ಎಳೆತ ಕಳೆದುಕೊಂಡಿತು. ಹಿಂಬದಿ ಗಡಗಡ ನಡುಗುತ್ತಿತ್ತು. ಎಂಜಿನ್ ತಂಪುಮಾಡಿ ಹೊರಚಿಮ್ಮುವ ನೀರಿನ ಧಾರೆಯೂ ಸಣ್ಣದಾಗಿತ್ತು.

ನ್ಯೂಟ್ರಲ್‌ಗೆ ತಂದು, ನಿಧಾನವಾಗಿ ಒಂದಿಷ್ಟು ರಿವರ್ಸ್ ಕೊಟ್ಟೆ. ಬರೀ ಕಳೆಯಾಗಿದ್ದರೆ ಸಾಮಾನ್ಯವಾಗಿ ಇಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ. ಬೇರಿನ ಗಂಟೊಂದು ಕಳಚಿ ತೇಲಿತು, ನಡುಕ ನಿಲ್ಲಲಿಲ್ಲ. ನೈಲಾನ್ ಸಿಕ್ಕಿಕೊಂಡಿದೆ ಎಂದು ಖಾತ್ರಿಯಾಯಿತು; ಅದನ್ನು ತಿರುಗಿಸಿದಷ್ಟೂ ಬಿಗಿಯುತ್ತದೆ. ಎಂಜಿನ್ ಆರಿಸಿ, ತುರ್ತು ನಿಲುಗಡೆಯ ಹಗ್ಗವನ್ನು ಕಿತ್ತಿಟ್ಟು, ಲಂಗರು ಹಾಕಿ, ಮೋಟಾರನ್ನು ಮೇಲಕ್ಕೆತ್ತಿದೆ. ಆ ಹಗ್ಗದ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಮಣಿಯುವುದಿಲ್ಲ. ರೆಕ್ಕೆಗಳ ನಡುವೆ ಬೆರಳಿಡುವಾಗ ಎಂಜಿನ್ ಚಾಲೂ ಆಗುವ ದಾರಿಯೇ ಇರಬಾರದು.

ಎಳೆಗಳನ್ನು ಕುಡುಗೋಲಿನ ತುದಿಯಿಂದ ಒಂದೊಂದಾಗಿ ಕೊಯ್ದು, ಸುತ್ತಿಕೊಂಡಿದ್ದಕ್ಕೆ ಎದುರು ದಿಕ್ಕಿನಲ್ಲಿ ಬಿಡಿಸಿದೆ. ನೀರು ಒಳಸೇರುವ ಜಾಲರಿಗೆ ಮೆತ್ತಿಕೊಂಡಿದ್ದ ಕೆಸರು, ಬೇರು ತೆಗೆದ ಮೇಲೆ ಧಾರೆ ಮೊದಲಿನಂತಾಯಿತು.

ಬಹಳ ಮಂದಿ ಇಲ್ಲಿಗೇ ಬಿಟ್ಟುಬಿಡುತ್ತಾರೆ. ದಡದಲ್ಲಿ, ನಟ್ ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ ತೆಗೆದು, ನಟ್ ಬಿಚ್ಚಿ, ಪ್ರೊಪೆಲ್ಲರ್ ಕಳಚಿದರೆ ಶಾಫ್ಟಿನ ಬುಡದಲ್ಲಿ ಸಣ್ಣ ದಾರ ಇನ್ನೂ ಹಾಗೆಯೇ ಸುತ್ತಿಕೊಂಡಿತ್ತು! ಅದು ಶಾಫ್ಟಿನ ಸುತ್ತಲಿನ ರಬ್ಬರ್ ಉಂಗುರವಾದ ಆಯಿಲ್ ಸೀಲನ್ನು ಕೊರೆದರೆ ಗೇರಿನೊಳಕ್ಕೆ ನೀರು ಇಳಿದು, ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ತಳದ ತಿರುಪು ಸಡಿಲಿಸಿ ನೋಡಿದೆ. ಆಯಿಲ್ ತಿಳಿಯಾಗಿತ್ತು, ಸೀಲ್ ಉಳಿದಿತ್ತು. ಶಾಫ್ಟಿಗೆ ಗ್ರೀಸ್ ಸವರಿ, ಹೊಸ ಪಿನ್ ಹಾಕಿ ಜೋಡಿಸಿದೆ.