ಎಚ್‌ಇ30 ಫ್ಲ್ಯಾಟ್ ಮನೇಲೇ ಬಗ್ಗಿಸಿದ್ದು: ನನ್ನ ಅನುಭವ

ಬೈಕ್‌ನ ಬ್ಯಾಗ್ ಬ್ರ್ಯಾಕೆಟ್‌ಗೆ ಅಂತ ಎಚ್‌ಇ30 (ಒಂದು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ಫ್ಲ್ಯಾಟ್ ಪಟ್ಟೀನ ಮನೇಲಿ ತೊಂಬತ್ತು ಡಿಗ್ರಿ ಬಗ್ಗಿಸಿ, ಆಮೇಲೆ ಅದರ ಗಟ್ಟಿತನಾನೂ ವಾಪಸ್ ತರ್ತೀನಿ ಅಂದಾಗ ಫ್ಯಾಬ್ರಿಕೇಶನ್‌ನವ್ರು ಒಬ್ರೂ ಒಪ್ಪಲಿಲ್ಲ. 'ಕಟ್ ಮಾಡಿ ಟಿಗ್ ವೆಲ್ಡಿಂಗ್ ಹೊಡ್ಸಿ ಸಾರ್, ಯಾಕೆ ತಲೆ ಕೆಡಿಸ್ಕೋತೀರ' ಅನ್ನೋದೊಂದೇ ಮಾತು. ಈಗ ಆ ಬ್ರ್ಯಾಕೆಟ್ ಬೈಕ್ ಹಿಂದೆ ಕೂತು ಒಂದು ಮಳೆಗಾಲ ದಾಟಿದೆ, ಎರಡೂ ಕಡೆ ಬ್ಯಾಗ್ ಹೊತ್ಕೊಂಡು ಚಾರ್ಮಾಡಿ ಘಾಟಿ ಇಳಿದು ಹತ್ತಿದೆ, ಅದಕ್ಕೇ ಬರೀತಿದೀನಿ.

25x6 ಎಂಎಂ ಫ್ಲ್ಯಾಟ್, ಅಂಗಡೀಲಿ ಟಿ6 (ಕಾಯಿಸಿ, ನೀರಲ್ಲಿ ಅದ್ದಿ, ಮತ್ತೆ ಬೇಯಿಸಿ ಪೂರ್ತಿ ಗಟ್ಟಿ ಮಾಡಿದ್ದು) ಅಂತಾನೇ ಕೊಟ್ಟಿದ್ದು. ಒಳಗಡೆ ರೇಡಿಯಸ್ ನಂಗೆ 8 ಎಂಎಂ ಒಳಗೇ ಬೇಕಿತ್ತು. ಹಾಗೇ ವೈಸಲ್ಲಿ ಹಾಕಿ ಎಳೆದ್ರೆ ಅರವತ್ತು ಡಿಗ್ರಿ ಹೊತ್ತಿಗೆ ಹೊರಮೈ ತರಿತರಿ ಆಗಿ ಟಕ್ ಅಂತ ಬಿಡುತ್ತೆ. ಎಡ್ಜ್‌ನ ಫೈಲ್ ಹಾಕಿ ಎಮರಿ ಹೊಡ್ದು ನೈಸ್ ಮಾಡಿದ್ರೆ ಸ್ವಲ್ಪ ಮುಂದಕ್ಕೆ ಹೋಗುತ್ತೆ, ಅಷ್ಟೇ. ಮಾರ್ಕಿಂಗ್‌ಗೆ ಸ್ಕ್ರೈಬರ್ ಬೇಡವೇ ಬೇಡ, ಗೀರು ಬಿದ್ದಲ್ಲೇ ಸೀಳೋದು.

ಸರಿ, ಶಾಖ ಎಷ್ಟಾಯ್ತು ಗೊತ್ತಾಗ್ಲಿ ಅಂತ ಬಾರ್ ಸೋಪು ಸವರಿ, ಅದು ಕಪ್ಪಾಗೋ ತನಕ ಟಾರ್ಚ್ ಹಿಡಿದು ಮೆತ್ತಗೆ ಮಾಡಿ ಬಗ್ಗಿಸ್ದೆ. ಬಗ್ಗೋದೇನೋ ಚೆನ್ನಾಗೇ ಬಗ್ಗುತ್ತೆ, ಬಹಳ ಜನ ಇಲ್ಲಿಗೇ ನಿಲ್ಲಿಸಿ ಫೋಟೋ ಹಾಕ್ತಾರೆ. ಆದ್ರೆ ಅದೇ ಥರ ಮೆತ್ತಗೆ ಮಾಡಿದ ಒಂದು ನೇರ ತುಂಡನ್ನ ವೈಸಿಂದ ಒಂದಡಿ ಹೊರಗೆ ಬಿಟ್ಟು ತುದಿಗೆ ಎಂಟು ಕೆಜಿ ಮರಳು ಚೀಲ ತೂಗುಹಾಕಿದ್ರೆ ಬಾಳೆದಿಂಡಿನ ಥರ ಜೋತುಬಿತ್ತು, ಚೀಲ ತೆಗೆದ್ರೂ ಏಳಲಿಲ್ಲ.

ಹಾಗಾಗಿ ಗಟ್ಟಿತನ ವಾಪಸ್ ತರೋಕೆ ಕುಲುಮೆ. ಫೈರ್ ಬ್ರಿಕ್, ಕಾಯಿಲ್, ಎಸ್‌ಪಿ ರೋಡಲ್ಲಿ ಪಿಐಡಿ (ಶಾಖ ಹಿಡಿದಿಡೋ ಕಂಟ್ರೋಲರ್), ಎಸ್‌ಎಸ್‌ಆರ್ (ಕಾಯಿಲ್ ಆನ್-ಆಫ್ ಮಾಡೋ ಸ್ವಿಚ್), ಕೆ ಟೈಪ್ ಥರ್ಮೋಕಪಲ್ (ಶಾಖ ಅಳೆಯೋ ತಂತಿ), ಎಲ್ಲಾ ಸೇರಿ ಆರೇಳು ಸಾವಿರ. ಹೀಟ್ ಟ್ರೀಟ್‌ಮೆಂಟ್ ಶಾಪ್ ಒಂದರಲ್ಲಿ ವಿಚಾರಿಸಿದ್ರೆ ಒಂದು ಕೆಜಿ ಮಾಲಿಗೂ ಮಿನಿಮಮ್ ಲಾಟ್ ಚಾರ್ಜು ಅಂದ್ರು, ಆ ದುಡ್ಡಲ್ಲಿ ಅರ್ಧ ಕುಲುಮೆ ಬರುತ್ತೆ. ಪಟ್ಟೀನ 530 ಡಿಗ್ರಿ ಹತ್ರ ಮುಕ್ಕಾಲು ಗಂಟೆ ಕಾಯಕ್ಕೆ ಬಿಟ್ಟು, ಬಾಗಿಲು ತೆಗೆದ ತಕ್ಷಣ ಬಕೆಟ್ ನೀರಿಗೆ. ಬಕೆಟ್ ಕಾಲ ಹತ್ರಾನೇ ಇರ್ಲಿ, ನಡೆದು ಹೋಗೋಷ್ಟು ಟೈಮಿಲ್ಲ. ಪಟ್ಟೀನ ನೆಟ್ಟಗೆ ನಿಲ್ಲಿಸಿ ಮುಳುಗಿಸ್ಬೇಕು, ಮಲಗಿಸಿದ್ರೆ ಸೊಟ್ಟ. ಥರ್ಮೋಕಪಲ್ ಇಟ್ಟಿಗೆಗೆ ತಾಗಿದ್ರೆ ಮೀಟರ್ ಕಮ್ಮಿ ತೋರ್ಸುತ್ತೆ, ಹಂಗೆ ಒಂದು ಪಟ್ಟಿ ಗುಳ್ಳೆ ಎದ್ದು ಗುಜರಿ ಸೇರ್ತು, ಕೆಜಿ ಹೆಚ್ಚುಕಮ್ಮಿ ನಾನೂರು ರೂಪಾಯಿ ಮಾಲು. ಅಲ್ಯೂಮಿನಿಯಂ ಕೆಂಪಾಗಿ ಸೂಚನೆ ಕೊಡಲ್ಲ, ಗೊತ್ತಲ್ಲ.

ನೀರಿಂದ ತೆಗೆದ್ಮೇಲೆ ಅರ್ಧ ಗಂಟೆ ಒಳಗೆ ಬಗ್ಗಿಸಿಬಿಡಿ, ಬೆಣ್ಣೆ. ನೈಲಾನ್ ಸುತ್ತಿಗೆ ಸಾಕು. ಫಾರ್ಮರ್‌ನ (ಪಟ್ಟೀನ ಕೂರಿಸಿ ಬಗ್ಗಿಸೋ ಅಚ್ಚು) ಆಕಾರ ಮಾತ್ರ ಹೇಳಲ್ಲ, ಸ್ಪ್ರಿಂಗ್‌ಬ್ಯಾಕ್ (ಬಗ್ಗಿಸಿದ್ಮೇಲೆ ಸ್ವಲ್ಪ ವಾಪಸ್ ಬಿಚ್ಕೊಳ್ಳೋದು) ಲೆಕ್ಕ ಎಲ್ಲಾ ಅದರಲ್ಲೇ ಇದೆ.

ಎಚ್‌ಎಎಲ್‌ನಲ್ಲಿದ್ದು ರಿಟೈರ್ ಆದ ಪಕ್ಕದ್ಮನೆ ಅಂಕಲ್, ಏರೋಪ್ಲೇನ್ ರಿವೆಟ್‌ಗಳಲ್ಲಿ ಕೆಲವನ್ನ ಕ್ವೆಂಚ್ (ಬಿಸಿ ಮಾಲನ್ನ ಥಟ್ ಅಂತ ನೀರಿಗೆ ಅದ್ದೋದು) ಆದ್ಮೇಲೆ ಫ್ರೀಜರ್‌ನಲ್ಲಿ ಇಡ್ತಾರಪ್ಪ, ಗಟ್ಟಿಯಾಗದೇ ಇರ್ಲಿ ಅಂತ, ಅಂದ್ರು. ನಾನೂ ಒಂದು ಪಟ್ಟೀನ ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿ, ಇನ್ನೊಂದನ್ನ ಬೆಂಚ್ ಮೇಲೆ ಇಟ್ಟೆ. ಬೆಳಿಗ್ಗೆ ಫ್ರೀಜರ್‌ದು ಸಲೀಸು, ಬೆಂಚ್‌ದು ಸ್ವಲ್ಪ ಮೊಂಡು. ಐಸ್‌ಕ್ರೀಮ್ ಡಬ್ಬ ಪಕ್ಕ ಪಟ್ಟಿ ನೋಡಿ ಮನೇಲಿ ಬೈಸ್ಕೊಂಡಿದ್ದು ಬೇರೆ.

ಕೊನೇದು, ಗಟ್ಟಿತನ ಬರೋಕೆ, ಓಟಿಜಿ (ಅಡುಗೆಮನೆ ಕರೆಂಟ್ ಓವನ್). 175ರಲ್ಲಿ ಎಂಟು ಗಂಟೆ. ಡಯಲ್ ನಂಬಬೇಡಿ, ಇಪ್ಪತ್ತು ಡಿಗ್ರಿ ಆಕಡೆ ಈಕಡೆ ಓಲಾಡುತ್ತೆ, ಒಳಗೊಂದು ದಪ್ಪ ಕಬ್ಬಿಣದ ಪ್ಲೇಟ್ ಇಟ್ಟು ಥರ್ಮೋಕಪಲ್‌ನ ಪಟ್ಟಿಗೇ ಕಟ್ಟಿ. ಕ್ವೆಂಚ್‌ಗೂ ಓಟಿಜಿಗೂ ಮಧ್ಯ ಎಷ್ಟು ಹೊತ್ತು ಬಿಡ್ಬೇಕು ಅನ್ನೋದು ನನ್ ಹತ್ರಾನೇ ಇರ್ಲಿ. ಕರೆಂಟು ಎಲ್ಲಾ ಸೇರಿ ಹತ್ತು ಯೂನಿಟ್ ಆಸುಪಾಸು ಆಗಿರಬಹುದು, ಒಂದೇ ಸಲಕ್ಕೆ ನಾಲ್ಕೈದು ಪಟ್ಟಿ ಹಾಕಿದ್ರೆ ಏನೂ ಅಲ್ಲ.

ಜೊತೆಗೇ ಬೇಯಿಸಿದ ನೇರ ತುಂಡಿಗೆ ಅದೇ ಎಂಟು ಕೆಜಿ ಕಟ್ಟಿದ್ರೆ ಎರಡು ಸೆಂಟಿಮೀಟರ್ ಬಗ್ತು, ಚೀಲ ತೆಗೆದಾಗ ಟಪ್ ಅಂತ ವಾಪಸ್. ಬಿರುಕು ಇದೆಯಾ ಅಂತ ಬೆಂಡ್‌ಗೆ ಡೀಸೆಲ್ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಾಕಿ ನೋಡ್ದೆ, ಒಂದು ಗೆರೆ ಬರ್ಲಿಲ್ಲ. ಟಿಗ್ ಹೊಡ್ಸಿ ಅಂದಿದ್ದವ್ರೇ ಮೊನ್ನೆ ಎರಡು ಪೀಸ್ ಮಾಡ್ಕೊಡ್ತೀರಾ ಅಂತ ಕೇಳಿದ್ರು, ಪೀಸಿಗೆ ಐನೂರು ಹೇಳಿದೀನಿ.