ಹಳೆಯ ಫ್ಯೂಸ್ ಬೋರ್ಡ್ ತೆಗೆದು ಎಂಸಿಬಿ ಡಿಬಿ ಕೂರಿಸುವ ಮುನ್ನ

ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಮರದ ಹಲಗೆಯ ಮೇಲಿನ ಪಿಂಗಾಣಿ ಫ್ಯೂಸುಗಳು ಇಂದಿಗೂ ಕಾಣಸಿಗುತ್ತವೆ. ನಾಲ್ಕಾರು ಬಲ್ಬು, ಎರಡು ಫ್ಯಾನುಗಳಿಗೆಂದು ಎಳೆದ ತಂತಿಗಳ ಮೇಲೆ ಈಗ ಗೀಸರ್, ಫ್ರಿಜ್, ಸಂಪಿನ ಮೋಟಾರ್‌ಗಳ ಭಾರ ಬಿದ್ದಿದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದರೆ, ಕರಗಬೇಕಾದ ಫ್ಯೂಸ್ ಉಳಿದು ಗೋಡೆಯೊಳಗಿನ ವೈರು ಬಿಸಿಯೇರುತ್ತದೆ. ಹೊಸ ಡಿಬಿಯಲ್ಲಿ, ಅಂದರೆ ಕರೆಂಟನ್ನು ಸರ್ಕ್ಯೂಟುಗಳಿಗೆ ಹಂಚುವ ಪೆಟ್ಟಿಗೆಯಲ್ಲಿ, ಇದೇ ತಪ್ಪು ಮರುಕಳಿಸುವುದುಂಟು: 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ, ಅಂದರೆ ಟ್ರಿಪ್ ಆಗುವ ಸ್ವಿಚ್ಚು) ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು, ವೈರನ್ನು ನೋಡದೆ 32 ಆಂಪಿಯರಿನದನ್ನು ಹಾಕಿಬಿಡುತ್ತಾರೆ. ಎಂಸಿಬಿ ಮೊದಲು ಕಾಪಾಡಬೇಕಾದದ್ದು ತಂತಿಯನ್ನು. ಆದ್ದರಿಂದ ಅದರ ಅಳತೆಯನ್ನು ತಂತಿಯ ದಪ್ಪ ನೋಡಿಯೇ ನಿರ್ಧರಿಸಬೇಕು.

ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಮೀಟರಿನ ಸೀಲನ್ನಾಗಲಿ ಅದರ ಹಿಂದಿನ ಕಟ್‌ಔಟನ್ನಾಗಲಿ (ಕಂಪನಿಯ ಫ್ಯೂಸ್) ನಾವು ಮುಟ್ಟುವಂತಿಲ್ಲ. ಅದು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ಸರಬರಾಜು ಕಂಪನಿಯ ಸೊತ್ತು. ಹಾಗೆಂದು ಎಲ್ಲವನ್ನೂ ಕೆಲಸದವರಿಗೆ ಬಿಟ್ಟು ಕೂರುವುದೂ ಸರಿಯಲ್ಲ.

ಮೊದಲು ಒಂದೊಂದೇ ಫ್ಯೂಸ್ ತೆಗೆಸಿ, ಯಾವುದರಿಂದ ಯಾವ ಕೋಣೆಯ ಯಾವ ಪಾಯಿಂಟ್ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಲೋಡ್ ಲೆಕ್ಕ ಹಾಕಿ: 230 ವೋಲ್ಟಿನಲ್ಲಿ 3 ಕಿಲೋವ್ಯಾಟಿನ ಗೀಸರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ. ಒಟ್ಟು ಬಳಕೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನು ಮೀರುವಂತಿದ್ದರೆ, ಹೆಚ್ಚುವರಿ ಲೋಡಿಗೆ ಮುಂಚಿತವಾಗಿಯೇ ಅರ್ಜಿ ಹಾಕಿ.

ತಾಮ್ರದ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ದೀಪ ಮತ್ತು ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್ ವೈರು ಹಾಗೂ 6 ಅಥವಾ 10 ಆಂಪಿಯರ್ ಎಂಸಿಬಿ, ಪವರ್ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರ್ ವೈರು ಹಾಗೂ 16 ಆಂಪಿಯರ್ ಎಂಸಿಬಿ ಹೊಂದುತ್ತವೆ. ಗೀಸರಿಗೂ ಎಸಿಗೂ 4 ಚದರ ಮಿಲಿಮೀಟರಿನ ಪ್ರತ್ಯೇಕ ವೈರು ಎಳೆಸುವುದು ನನ್ನ ಮಟ್ಟಿಗೆ ದುಂದಲ್ಲ. ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಅದಕ್ಕೆ ಸಿ ಮಾದರಿಯ ಎಂಸಿಬಿ ಬೇಕಾಗುತ್ತದೆ.

ಎಂಸಿಬಿ ಒಂದೇ ಮನುಷ್ಯನ ಜೀವ ಉಳಿಸುವುದಿಲ್ಲ. ಒದ್ದೆ ಕೈಯಲ್ಲಿ ಗೀಸರಿನ ನಲ್ಲಿ ಮುಟ್ಟಿದವರ ಮೈಯಲ್ಲಿ ಹರಿಯುವ ಕರೆಂಟ್ ಎಂಸಿಬಿಯ ಪಾಲಿಗೆ ಏನೂ ಅಲ್ಲ. ಹೀಗೆ ಸೋರುವ ಕರೆಂಟನ್ನು ಗುರುತಿಸಿ ಕಣ್ಣು ಮಿಟುಕಿಸುವುದರೊಳಗೆ ಕಡಿತಗೊಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು. ಅನೇಕ ಮನೆಗಳಲ್ಲಿ ಅದು ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆಂದು ಕಿತ್ತು ಹಾಕುತ್ತಾರೆ. ಇದು ಅಪಾಯದ ಕೆಲಸ, ಏಕೆಂದರೆ ತಪ್ಪು ಬಹುಪಾಲು ಆರ್‌ಸಿಸಿಬಿಯದ್ದಾಗಿರುವುದಿಲ್ಲ. ಹಳೆಯ ವೈರಿಂಗ್‌ನಲ್ಲಿ ಒಂದು ಸರ್ಕ್ಯೂಟಿನ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಇನ್ನೊಂದರ ಜೊತೆ ಸೇರಿರುತ್ತದೆ, ಅಥವಾ ಇನ್ವರ್ಟರಿನ ನ್ಯೂಟ್ರಲ್ ತಪ್ಪು ಕಡೆ ಕೂಡಿರುತ್ತದೆ, ಇಲ್ಲವೇ ನೀರಿನ ಪಸೆಯಿಂದ ನಿಜವಾದ ಸೋರಿಕೆಯೇ ಇರುತ್ತದೆ. ಹೀಗಾಗಿ ಪ್ರತಿ ಸರ್ಕ್ಯೂಟಿನ ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲನ್ನು ಜೋಡಿಯಾಗಿ ಹುಡುಕಿ ಗುರುತು ಹಾಕುವುದಕ್ಕೆ ಒಂದು ದಿನ ಹಿಡಿದರೂ ಆ ಕೂಲಿ ಕೊಡಿ.

ಹಳೆಯ ಬೋರ್ಡುಗಳಲ್ಲಿ ನ್ಯೂಟ್ರಲಿಗೂ ಫ್ಯೂಸ್ ಇರುವುದುಂಟು. ಆ ಫ್ಯೂಸ್ ಮಾತ್ರ ಹೋದಾಗ ದೀಪ ಆರುತ್ತದೆ, ಆದರೆ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಹೊಸ ಡಿಬಿಯಲ್ಲಿ ಇದು ಉಳಿಯಕೂಡದು.

ಕೆಲಸದ ದಿನ ಮೇನ್ ಸ್ವಿಚ್ಚಿನ ಜೊತೆಗೆ ಇನ್ವರ್ಟರನ್ನೂ ಸೋಲಾರನ್ನೂ ಆಫ್ ಮಾಡಿ ಬಿಡಿಸಿರಬೇಕು. ಮೇನ್ ಆಫ್ ಆದರೂ ಇನ್ವರ್ಟರಿನಿಂದ ಕರೆಂಟ್ ಬರುತ್ತಿರುತ್ತದೆ. ಸ್ಕ್ರೂಡ್ರೈವರ್ ಟೆಸ್ಟರನ್ನು ಮಾತ್ರ ನಂಬದೆ, ಮಲ್ಟಿಮೀಟರನ್ನು ಕರೆಂಟ್ ಇರುವ ಕಡೆ ಒಮ್ಮೆ ಪರೀಕ್ಷಿಸಿ, ಬಳಿಕ ಬೋರ್ಡಿನಲ್ಲಿ ನೋಡಲು ಹೇಳಿ. ಹಳೆಯ ಅಲ್ಯೂಮಿನಿಯಂ ತಂತಿ ಕಂಡರೆ, ತಾಮ್ರದೊಂದಿಗೆ ತಿರುಚಿ ಟೇಪ್ ಸುತ್ತಲು ಬಿಡದೆ ಆ ವೈರನ್ನೇ ಬದಲಿಸಿ.

ಮುಗಿದ ಮೇಲೆ ಮೆಗ್ಗರ್ ಎಂಬ ಉಪಕರಣದಿಂದ ಇನ್ಸುಲೇಷನ್ (ತಂತಿಯ ಹೊದಿಕೆ) ಪರೀಕ್ಷೆ ಮಾಡಿಸಿ. ಬಳಿಕ ಕರೆಂಟ್ ಕೊಟ್ಟು ಮಲ್ಟಿಮೀಟರಿನಲ್ಲಿ ನೋಡಿದಾಗ ಫೇಸಿಗೂ ಅರ್ತಿಗೂ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು, ನ್ಯೂಟ್ರಲಿಗೂ ಅರ್ತಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಅದು ತಕ್ಷಣ ಟ್ರಿಪ್ ಆಗಬೇಕು. ಆದರೆ ಆ ಬಟನ್ ಅರ್ತಿಂಗ್ ಸರಿಯಿದೆಯೆಂದು ಹೇಳುವುದಿಲ್ಲ, ಅದನ್ನು ಬೇರೆಯಾಗಿಯೇ ಅಳೆಯಿಸಬೇಕು. ಮೊದಲು ಬರೆದಿಟ್ಟ ಪಟ್ಟಿಯನ್ನು ಹೊಸ ಕ್ರಮಕ್ಕೆ ತಿದ್ದಿ ಡಿಬಿಯ ಬಾಗಿಲಿನ ಒಳಗೆ ಅಂಟಿಸಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದಾಗ ಟ್ರಿಪ್ ಆಗದ ಆರ್‌ಸಿಸಿಬಿಯನ್ನು ಅಂದೇ ಬದಲಿಸಿ.